ಹುಲ್ಲುಹಾಸಿನ ಮೇಲಿನ ಎಡೆ

"ಇಲ್ಲೇ ಕಣೆ. ಬೇವಿನ ಮರದಿಂದ ಇತ್ತಗೆ," ಎಂದು ಹೊಂಬಾಳಮ್ಮ ಹುಲ್ಲುಹಾಸಿನ ಮೇಲೆ ಎಲೆ ಹಾಸಿದಳು.

"ಬೇಗ ಇಕ್ಕವ್ವ, ಜನ ನೋಡ್ತಾವ್ರೆ," ಎಂದಳು ಮಗಳು ಇಂದ್ರಮ್ಮ, ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ.

ಮಂಡ್ಯದ ಈ ಪಾರ್ಕು ಮೊದಲು ಅವರ ಹೊಲ. ಹೊಂಬಾಳಮ್ಮನ ಗಂಡ ಚಿಕ್ಕಣ್ಣನನ್ನು ಅಲ್ಲೇ ಮಣ್ಣು ಮಾಡಿದ್ದರು. ಎಪ್ಪತ್ತೆರಡನೇ ಇಸವಿಯಲ್ಲಿ ಮೈದುನ ಕೆಂಪಯ್ಯ ಹೊಲ ಮಾರಿದ ಮೇಲೆ ತಾಯಿ ಮಗಳು ದುದ್ದ ಅನ್ನುವ ಊರಿಗೆ ಹೋಗಿಬಿಟ್ಟಿದ್ದರು. ಈಗಿಲ್ಲಿ ಉಯ್ಯಾಲೆ, ಕಲ್ಲುಬೆಂಚು, ಸಂಜೆಯಾದರೆ ರೇಡಿಯೊ, ಆಗೀಗ ಮಂಟಪದಲ್ಲಿ ಸಂಗೀತ ಕಚೇರಿ. ಇಷ್ಟು ವರ್ಷ ಮನೆಯಲ್ಲೇ ಎಡೆ ಇಟ್ಟದ್ದಾಯಿತು. ಮೊನ್ನೆ ಕನಸಿನಲ್ಲಿ ಬಂದ ಚಿಕ್ಕಣ್ಣ ಹಸಿವು ಅಂದನಂತೆ. ಅದಕ್ಕೇ ಈ ಮಹಾಲಯ ಅಮಾವಾಸ್ಯೆಗೆ ಹೊಂಬಾಳಮ್ಮ ಬಸ್ಸು ಹತ್ತಿ ಬಂದಿದ್ದಳು, ಬೆಳಗಿನಿಂದ ಬಾಯಿಗೆ ನೀರೂ ಹಾಕದೆ. ಹಿರಿಯರಿಗಿಂತ ಮೊದಲು ಮನೆಯವರು ಉಣ್ಣುವಂತಿಲ್ಲ.

ಮುದ್ದೆ, ಬಾಡಿನ ಸಾರು, ವಡೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಊದುಕಡ್ಡಿ ಹಚ್ಚಿ ಇಬ್ಬರೂ ದೂರ ಸರಿದು ಬೆನ್ನು ತಿರುಗಿಸಿ ನಿಂತರು. ಸತ್ತವರು ಉಣ್ಣುವಾಗ ನೋಡಬಾರದು.

"ಮಾಟ ಮಾಡವ್ರೆ ಬನ್ರಪ್ಪೋ," ಎಂದು ಕೂಗಿದ ಪಾರ್ಕಿನ ಕಾವಲುಗಾರ ಪುಟ್ಟಸ್ವಾಮಿ. ಅಂದಿನ ಸಂಗೀತ ಕಚೇರಿಗೆ ಬಂದವರೆಲ್ಲ ಸುತ್ತ ನೆರೆದರು. ಮಲ್ಲಿಗೆ ಮುಡಿದ ಹೆಂಗಸೊಬ್ಬಳು ಮೊಮ್ಮಗನನ್ನು ಎಳೆದುಕೊಂಡು, "ತುಳಿದುಬಿಟ್ಟೀಯೋ, ಈಚೆ ಬಾ," ಎಂದಳು.

"ಮಾಟ ಅಲ್ಲ ಕಣಪ್ಪ, ನಮ್ಮೆಜಮಾನ್ರ ಎಡೆ. ಒಸಿ ಒತ್ತು ಬುಡು, ಕಾಗೆ ಮುಟ್ಲಿ."

"ಪಾರ್ಕಲ್ಲಿ ಯಾವ ಎಜಮಾನ್ರವ್ವ? ಬೆನ್ ತಿರುಗ್ಸಿ ಜಾರ್ಕೊಳೋಕೆ ನಿಂತಿದ್ದು ನಾನ್ ಕಾಣ್ನಾ?"

"ಮಗಳು ನೋಡಿದ್ರೆ ಓದಿದಂಗವ್ಳೆ," ಎಂದರು ಯಾರೋ.

ಬಿ.ಎ. ಮುಗಿಸಿದ ಇಂದ್ರಮ್ಮನಿಗೆ ಹೇಳಬೇಕಾದದ್ದೆಲ್ಲ ಗೊತ್ತಿತ್ತು. ಆದರೂ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

"ಮಾಟ ಅಲ್ದಿದ್ರೆ ತಿಂದು ತೋರ್ಸು. ಇಲ್ಲಾಂದ್ರೆ ಚರಂಡಿಗ್ ನೂಕ್ತೀನಿ," ಎಂದು ಪುಟ್ಟಸ್ವಾಮಿ ಎಲೆಯತ್ತ ಕಾಲು ಚಾಚಿದ.

ಹೊಂಬಾಳಮ್ಮ ಮರದತ್ತ ಕತ್ತೆತ್ತಿ ನೋಡಿದಳು. ಒಂದು ಕಾಗೆಯೂ ಇರಲಿಲ್ಲ. ಎಲೆಯ ಮುಂದೆ ಕೂತು ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿದಳು.

"ಬೀಡಿನೂ ಸೇದ್ತಾಳೇನ್ಲಾ," ಎಂದು ಒಬ್ಬ ನಕ್ಕ.

ಇಂದ್ರಮ್ಮ ಪಕ್ಕದಲ್ಲಿ ಕುಸಿದು ತಾನೂ ಎಲೆಗೆ ಕೈ ಹಾಕಿದಳು. ತಾಯಿ ಆ ಕೈಯನ್ನು ತಳ್ಳಿದಳು. "ನೀನು ಬ್ಯಾಡ. ಈ ಪಾಪ ನಂಗೊಬ್ಳಿಗೇ ಇರ್ಲಿ."

ಮಂಟಪದಲ್ಲಿ ಪಿಟೀಲು ಶ್ರುತಿಗೂಡಿಸುವ ಸದ್ದು ಕೇಳಿ ಜನ ಒಬ್ಬೊಬ್ಬರಾಗಿ ಅತ್ತ ಹೋದರು. ಪುಟ್ಟಸ್ವಾಮಿ ಮಾತ್ರ ನಿಂತೇ ಇದ್ದ. ಮುದ್ದೆ ಎದೆಯಲ್ಲಿ ಸಿಕ್ಕಿಕೊಂಡು ಹೊಂಬಾಳಮ್ಮ ಬಿಕ್ಕಳಿಸಿದಳು. ಇಂದ್ರಮ್ಮ ನಲ್ಲಿಗೆ ಓಡಿ ಬೊಗಸೆಯಲ್ಲಿ ನೀರು ಹಿಡಿದಳು. ತಾಯಿಯ ಹತ್ತಿರ ಬರುವಷ್ಟರಲ್ಲಿ ಅಂಗೈಯಷ್ಟೇ ಒದ್ದೆಯಾಗಿ ಉಳಿದಿತ್ತು.