ಎಣ್ಣೆ ಪೀಪಾಯಿಯ ಒಲೆ

ಮಗ ತೀರಿಕೊಂಡ ಮೇಲೆ ಒನೆಸಿಮ್ ದೇವರಲ್ಲಿ ತನಗೆಂದು ಏನನ್ನೂ ಬೇಡಿರಲಿಲ್ಲ. ಬೇಡಿದ್ದೆಲ್ಲ ಸೊಸೆಗಾಗಿ. ಗಡಿಯಾಚೆಯ ಮೇನ್ ಸೀಮೆಯ ಕಾಡುಗಳಿಗೆ ಮರ ಕಡಿಯಲು ಹೋಗಿದ್ದ ಮಗ ರೆಜಾನ್ ಅಕ್ಟೋಬರಿನಲ್ಲಿ ಉರುಳಿದ ಮರದ ಅಡಿಗೆ ಸಿಕ್ಕಿ ಸತ್ತ. ಶವಪೆಟ್ಟಿಗೆ ಮುಚ್ಚಿಕೊಂಡೇ ಊರಿಗೆ ಬಂತು, ಮುಚ್ಚಿಕೊಂಡೇ ಮಣ್ಣಿಗೆ ಹೋಯಿತು. ಮುಖ ತೋರಿಸಿ ಎಂದು ಅವನ ಹೆಂಡತಿ ಸೊಲಾಂಜ್ ಕೇಳಲಿಲ್ಲ. ನೋಡುವುದು ಬೇಡವೆಂದು ಪೆಟ್ಟಿಗೆ ತಂದವರು ಮೊದಲೇ ಹೇಳಿದ್ದರು. ಅಂದಿನಿಂದ ಅವಳು ಅತ್ತಿರಲಿಲ್ಲ, ಗಂಡನ ಹೆಸರೆತ್ತಿರಲಿಲ್ಲ. ಸಂಜೆ ಮಾವ ಅಡುಗೆಮನೆಯಲ್ಲಿ ಮೊಣಕಾಲೂರಿ ಜಪಮಾಲೆ ಕೈಗೆತ್ತಿಕೊಂಡರೆ ತೂಗುಕುರ್ಚಿಯಿಂದೆದ್ದು ಸದ್ದಿಲ್ಲದೆ ಮಹಡಿ ಹತ್ತುತ್ತಿದ್ದಳು. ಹೇಳುವವನ ಪಾಲನ್ನೂ ಉತ್ತರ ಕೊಡುವವರ ಪಾಲನ್ನೂ ಮುದುಕ ಒಬ್ಬನೇ ಹೇಳಿ ಜಪ ಮುಗಿಸುತ್ತಿದ್ದ.

ಈಸ್ಟರ್ ಕಳೆದ ಸೋಮವಾರ ಅವಳ ಅಣ್ಣ ಶೆರ್ಬ್ರೂಕಿನಿಂದ ಲಾರಿ ತಂದು ಅವಳನ್ನು ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಒನೆಸಿಮ್ ಬೇಡ ಎನ್ನಲಿಲ್ಲ. ಇನ್ನೂ ಸಣ್ಣ ವಯಸ್ಸು, ಮಕ್ಕಳಿಲ್ಲ. ಮುದುಕನಿಗೆ ಬಟಾಣಿ ಸಾರು ಕಾಯಿಸಿಕೊಂಡು ಎಷ್ಟು ದಿನ ಕೂತಾಳು? ಹೋಗಲಿ. ಆದರೆ ದುಃಖವನ್ನು ಹೀಗೆ ಎದೆಯಲ್ಲಿ ಹೆಪ್ಪುಗಟ್ಟಿಸಿಕೊಂಡು ಹೋಗಬಾರದು. ಒಮ್ಮೆ ಮನಸಾರೆ ಅತ್ತು ಹೋಗಲಿ, ಅಷ್ಟು ಕೊಡು ಸ್ವಾಮಿ ಎಂದು ಅವನು ಕೇಳುತ್ತಿದ್ದ.

ಒಲೆ ಕಟ್ಟುವ ಯೋಚನೆ ಬಂದದ್ದು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಡುವೆ. ಅವನ ಮೇಪಲ್ ತೋಪಿನಲ್ಲಿ ಮರಗಳ ಸಿಹಿ ರಸ ಕುದಿಸಿ ಪಾಕ ಕಾಯಿಸುವ ಗುಡಿಸಲೇನೋ ನಿಂತಿತ್ತು, ಒಳಗಿನ ಹಳೆಯ ಒಲೆ ಮಾತ್ರ ತುಕ್ಕು ಹಿಡಿದು ಎಂದೋ ಗುಜರಿಗೆ ಹೋಗಿತ್ತು. ಎಷ್ಟೋ ವಸಂತಗಳಿಂದ ಅಪ್ಪ ಮಗ ಮರದ ರಸವನ್ನು ನೆರೆಯ ತೆಲೆಸ್ಫೋರನ ಒಲೆಗೆ ಹೊತ್ತು ಹಾಕುತ್ತಿದ್ದರು. ಈ ವರ್ಷ ಒನೆಸಿಮ್ ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಸಾಮಾನುಗಳನ್ನೆಲ್ಲ ಹಿಮದಿಂದ ಅಗೆದು ತೆಗೆದ. ಕೆಡವಿದ ಕನ್ಯಾಸ್ತ್ರೀ ಮಠದ ನೆಲಮಾಳಿಗೆಯಿಂದ ಬಂದ ಎಣ್ಣೆ ಪೀಪಾಯಿ, ಒಂದು ಕಬ್ಬಿಣದ ಮಂಚ, ರೊಟ್ಟಿ ಸುಡುವ ಕುಸಿದ ಗೂಡಿನ ಇಟ್ಟಿಗೆ, ಪಾದ್ರಿಗಳ ಮನೆಯಿಂದ ಬಿಸಾಡಿದ ಹೊಗೆ ಕೊಳವೆ. ಚೀಸ್ ಕಾರ್ಖಾನೆಯವರು ಹೊರಗಿಟ್ಟಿದ್ದ ಹಾಲಿನ ತೊಟ್ಟಿಯೊಂದರ ಸ್ಟೀಲ್ ತಗಡೂ ಸಿಕ್ಕಿತು. ಎಲ್ಲವನ್ನೂ ಅಡುಗೆಮನೆಯ ಕಿಟಕಿಗೆ ಕಾಣುವ ಹಾಗೆ ಅಂಗಳದಲ್ಲಿ ಹರಡಿಕೊಂಡು ಕೂತ. ಗುಡಿಸಲಲ್ಲೇ ಮಾಡಿದ್ದರೆ ಚಳಿಯಾದರೂ ತಪ್ಪುತ್ತಿತ್ತು, ಆದರೆ ಸೊಸೆ ಕೂರುವ ಕಿಟಕಿಗೆ ಅದು ಕಾಣುತ್ತಿರಲಿಲ್ಲ.

ಪೀಪಾಯಿಯ ಒಂದು ಪಕ್ಕವನ್ನು ಕತ್ತರಿಸಿ, ಒಳಗೆ ಅಂಟಿದ್ದ ಎಣ್ಣೆ ಸುಟ್ಟುಹೋಗಲೆಂದು ಬೆಂಕಿ ಹಾಕಿದ. ಊರಿಗೆಲ್ಲ ಕಾಣುವಷ್ಟು ಕಪ್ಪು ಹೊಗೆ ಎದ್ದಿತು. ತೆಲೆಸ್ಫೋರ್ ಬೇಲಿಯ ಹತ್ತಿರ ಬಂದು ಪೈಪನ್ನು ಬಾಯಿಂದ ತೆಗೆದ.

"ಏನೋ ಒನೆಸಿಮ್, ಹೊಗೆ ಇನ್ನೂ ಕಪ್ಪಗೇ ಬರ್ತಿದೆ. ಬಿಳಿ ಹೊಗೆ ಬಿಡೋಕೆ ಇನ್ನೂ ಹೊಸ ಪೋಪ್ ಸಿಕ್ಕಿಲ್ವಾ?"

"ನಿನ್ನನ್ನೇ ಮಾಡೋಣ ಅಂತಿದ್ರು, ನಿನ್ ತಲೆ ಸುತ್ತಳತೆಗೆ ಟೋಪಿ ಸಿಗಲಿಲ್ವಂತೆ."

ಕಿಟಕಿಯ ಪರದೆ ಅಲ್ಲಾಡಿದ್ದನ್ನು ಒನೆಸಿಮ್ ಓರೆಗಣ್ಣಿನಲ್ಲಿ ನೋಡಿದ.

ತಗಡಿನಿಂದ ಚಪ್ಪಟೆ ಕೊಪ್ಪರಿಗೆ ಮಾಡುವುದೇ ಕಷ್ಟದ ಕೆಲಸ. ಅವನು ಮೂಲೆಗಳನ್ನು ಕತ್ತರಿಸಿ ಬೆಸೆದ. ನೀರು ಹಾಕಿದರೆ ಸೋರಿತು. ಮತ್ತೆ ಬೆಸೆದ, ಮತ್ತೆ ಸೋರಿತು. ಕೈ ನಡುಗುತ್ತಿದ್ದದ್ದು ನಿಜ, ಆದರೆ ತುಸು ಹೆಚ್ಚಾಗಿಯೇ ನಡುಗಿಸಿದನೆಂದರೂ ಸುಳ್ಳಲ್ಲ. ಸೊಲಾಂಜಳ ಅಪ್ಪ ತಗಡಿನ ಮಾಡು ಹೊದಿಸುವ ಕೆಲಸದವನು. ಹುಡುಗಿಯಾಗಿದ್ದಾಗ ಅವಳು ಅವನ ಜೊತೆ ಏಣಿ ಹತ್ತಿದವಳೇ. ಕೊನೆಗೆ ಮನೆಯ ಬಾಗಿಲು ತೆರೆಯಿತು. ಗಂಡನ ದಪ್ಪ ಕೋಟು ಹೊದ್ದು ಅವಳು ಹಿಮದಲ್ಲಿ ಬಂದು ನಿಂತಳು.

"ಯಾರು ಮಾವ ನಿಮಗೆ ಮೂಲೆ ಕತ್ತರಿಸೋಕೆ ಹೇಳಿದ್ದು? ಲಕೋಟೆ ಮಡಚೋ ಹಾಗೆ ಮಡಚಬೇಕು. ಕತ್ತರಿಸಿದ್ಮೇಲೆ ಸೋರದೆ ಇನ್ನೇನು ಮಾಡುತ್ತೆ."

"ಮಡಚೋದು ನನಗೇನು ಗೊತ್ತಮ್ಮ."

"ಸರೀರಿ ಆಕಡೆ."

ಉಳಿದ ತಗಡಿನಲ್ಲಿ ಅವಳೇ ಹೊಸದಾಗಿ ಕೊಪ್ಪರಿಗೆ ಮಾಡಿದಳು. ಮಂಚದ ಕಬ್ಬಿಣ ಒಲೆಗೆ ಕಾಲಾಯಿತು, ಇಟ್ಟಿಗೆ ಒಳಗಿನ ಗೋಡೆಯಾಯಿತು. ಇಬ್ಬರೂ ಕೂಡಿ ಒಲೆಯನ್ನು ಹಿಮಗಾಡಿಯ ಮೇಲೆ ತೋಪಿಗೆ ಎಳೆದೊಯ್ದರು, ಮರಗಳಿಗೆ ತೂತು ಕೊರೆದು ನಳಿಗೆ ಸಿಕ್ಕಿಸಿ ಬಕೆಟ್ಟು ತೂಗುಹಾಕಿದರು. ಅಳತೆ, ಇಕ್ಕಳ, ಬೆಸುಗೆ, ಇಷ್ಟೇ ಅವಳ ಮಾತು. ಇವು ಯಾರ ಕೈ ಸೋಕಿದ ಮರಗಳೆಂಬುದನ್ನು ಅವಳೂ ಹೇಳಲಿಲ್ಲ, ಮುದುಕನೂ ಹೇಳಲಿಲ್ಲ. ಸಂಜೆ ಜಪದ ಹೊತ್ತಿಗೆ ಅವಳು ಎಂದಿನಂತೆ ಮಹಡಿ ಹತ್ತುತ್ತಿದ್ದಳು.

ಪವಿತ್ರ ವಾರದಲ್ಲಿ ಒಮ್ಮೆಗೇ ಬಿಸಿಲು ಬಂತು. ಗುರುವಾರ ಬಕೆಟ್ಟುಗಳೆಲ್ಲ ತುಂಬಿ ತುಳುಕಿದವು. ಶುಭ ಶುಕ್ರವಾರದ ಬೆಳಿಗ್ಗೆ ನೋಡಿದರೆ ಕೆಲವುಗಳಲ್ಲಿ ರಸ ಆಗಲೇ ಮಬ್ಬಾಗತೊಡಗಿತ್ತು, ಅಂದೇ ಕಾಯಿಸದಿದ್ದರೆ ಕೆಡುತ್ತಿತ್ತು. ಆ ದಿನ ಮೇಪಲ್ ಮರಕ್ಕೆ ತೂತು ಕೊರೆದರೆ ರಕ್ತ ಸುರಿಯುತ್ತದೆಂದು ಅಲ್ಲಿಯವರು ನಂಬುತ್ತಾರೆ, ಯಾರೂ ಕೊರೆಯುವುದಿಲ್ಲ. ಆದರೆ ಹಿಂದೆಯೇ ಕೊರೆದ ಮರದ ರಸ ಕಾಯಿಸಬಾರದೆಂದು ಯಾರೂ ಹೇಳಿರಲಿಲ್ಲ. ಒನೆಸಿಮ್ ಬಹಳ ಯೋಚಿಸಿ, ಸ್ವಾಮಿ ಪ್ರಾಣ ಬಿಟ್ಟ ಹೊತ್ತಿಗೆ ಇಗರ್ಜಿಯಲ್ಲಿ ನಡೆಯುವ ಮೂರು ಗಂಟೆಯ ಪ್ರಾರ್ಥನೆಗೆ ಬರಲಾಗುವುದಿಲ್ಲವೆಂದು ತೆಲೆಸ್ಫೋರನ ಕೈಲಿ ಪಾದ್ರಿಗಳಿಗೆ ಹೇಳಿಕಳಿಸಿದ. ಜ್ಞಾನ ಬಂದಾಗಿನಿಂದ ಅವನು ಅದನ್ನು ತಪ್ಪಿಸಿದವನಲ್ಲ. ಆ ಹೊತ್ತಿಗೆ ಗುಡಿಸಲಲ್ಲೇ ಮೊಣಕಾಲೂರುತ್ತೇನೆ, ಸ್ವಾಮಿಗೆ ಎಲ್ಲಿಂದ ಕರೆದರೂ ಕೇಳಿಸುತ್ತದೆ ಎಂದು ಸಮಾಧಾನ ಮಾಡಿಕೊಂಡ.

ಒಲೆ ಚೆನ್ನಾಗಿ ಉರಿಯಿತು. ಕೊಪ್ಪರಿಗೆ ಒಂದು ಹನಿ ಸೋರಲಿಲ್ಲ. ಹಬೆ ಮಾಡಿನ ಕಿಂಡಿಯಿಂದ ಎದ್ದು ತೋಪಿಗೆಲ್ಲ ಹರಡಿತು. ಕೊಪ್ಪರಿಗೆಯ ಮೇಲೆ ದಾರದಲ್ಲಿ ಹಂದಿ ಕೊಬ್ಬಿನ ತುಂಡೊಂದನ್ನು ತೂಗಿಬಿಡುವುದು ಅಲ್ಲಿಯ ಪದ್ಧತಿ. ನೊರೆ ಉಕ್ಕಿ ಅದಕ್ಕೆ ತಾಗಿದರೆ ತಾನೇ ತಗ್ಗುತ್ತದೆ. ಸೊಲಾಂಜ್ ಅದನ್ನು ಕಟ್ಟಿದ್ದಳು. ಒನೆಸಿಮ್ ನೋಡಿದವನೇ ಚಾಕು ತೆಗೆದು ದಾರ ಕತ್ತರಿಸಿದ.

"ಯಾಕೆ ಮಾವ?"

"ಇವತ್ತು ಮಾಂಸ ಮುಟ್ಟೋ ಹಾಗಿಲ್ಲ."

"ಅದು ನಮಗೆ. ಕೊಪ್ಪರಿಗೆಗೂ ಉಪವಾಸನಾ?"

"ನನ್ನ ಮನೆ ಕೊಪ್ಪರಿಗೆ ಅಲ್ವಾ."

ಅವಳ ತುಟಿಯ ತುದಿ ತುಸು ಎದ್ದಿತು. ಎಷ್ಟೋ ತಿಂಗಳಿಂದ ಕಾಣದ್ದು ಅದು. ಹಾಗಾದರೆ ನೊರೆಯನ್ನು ಯಾರಾದರೂ ನಿಂತು ಕಾಯಬೇಕಲ್ಲ ಎನ್ನುತ್ತ ಹೊರಗೆ ಹೋಗಿ ಫರ್ ಮರದ ಟೊಂಗೆಯೊಂದನ್ನು ಮುರಿದು ತಂದಳು. ಉಕ್ಕು ಬಂದಾಗಲೆಲ್ಲ ಆ ಟೊಂಗೆಯಿಂದ ನೊರೆಗೆ ಬಡಿದರೆ ಅದು ಕೂತುಕೊಳ್ಳುತ್ತಿತ್ತು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ರಸ ಇಳಿದು ಬಣ್ಣ ಕಟ್ಟಿತು. ಗುಳ್ಳೆಗಳು ಸಣ್ಣಗಾಗಿ ಪಾಕ ಹತ್ತಿರ ಬಂತು. ಇನ್ನು ಕಣ್ಣು ತೆಗೆಯುವಂತಿಲ್ಲ. ಈ ಹಂತದಲ್ಲಿ ಒಮ್ಮೆ ಉಕ್ಕಿ ಚೆಲ್ಲಿದರೆ ತಳದಲ್ಲಿ ಉಳಿದದ್ದು ಕ್ಷಣದಲ್ಲಿ ಹೊತ್ತುತ್ತದೆ. ಅಷ್ಟರಲ್ಲಿ ಗಡಿಯಾರ ಮೂರು ತೋರಿಸಿತು. ಆ ದಿನ ಇಗರ್ಜಿಯ ಗಂಟೆ ಬಾರಿಸುವುದಿಲ್ಲವಾದ್ದರಿಂದ ಊರಿನಿಂದ ಏನೂ ಕೇಳಿಸಲಿಲ್ಲ. ಒನೆಸಿಮ್ ಟೋಪಿ ತೆಗೆದು ಸೌದೆಯ ರಾಶಿಯ ಪಕ್ಕದಲ್ಲಿ ಮೊಣಕಾಲೂರಿದ. ನೀವು ಹೇಳಿಕೊಳ್ಳಿ ಮಾವ, ಇದನ್ನು ನಾನು ನೋಡಿಕೊಳ್ಳುತ್ತೇನೆ ಎಂದಳು ಸೊಲಾಂಜ್. ಇಲ್ಲಿ ಎದ್ದು ಹೋಗಲು ಮಹಡಿ ಇರಲಿಲ್ಲ.

ಅವನು ಸ್ವಾಮಿಯ ನೋವನ್ನು ನೆನೆದು ಶುರುಮಾಡಿದ. ಶಿಲುಬೆಯ ಮರದ ಮೇಲೆ ಸತ್ತವನನ್ನು ನೆನೆದರೆ ಮರದ ಅಡಿಯಲ್ಲಿ ಸತ್ತವನು ತಾನಾಗಿ ಎದುರಿಗೆ ಬಂದ. ಸ್ವರ ಒಡೆಯಿತು. "ನಮೋ ಮರಿಯಾ" ಎಂದು ತನ್ನ ಪಾಲು ಹೇಳಿದ. ಉತ್ತರದ ಪಾಲಿಗೆ ಬಂದಾಗ ಜಪ ನಿಂತಿತು. ಹಿಂದೆ ಟೊಂಗೆ ನೊರೆಗೆ ಬಡಿಯುವ ಸದ್ದು ಕೇಳುತ್ತಿತ್ತು. ಆ ಸದ್ದೂ ನಿಂತಿತು.

"ಸಂತ ಮರಿಯಾ, ದೇವಮಾತೆಯೇ," ಎಂದಿತು ಹಿಂದಿನ ಧ್ವನಿ. ಬಹಳ ದಿನ ತೆರೆಯದ ಬಾಗಿಲಿನ ಹಾಗೆ ಇತ್ತು ಆ ಧ್ವನಿ. "ಪಾಪಿಗಳಾದ ನಮಗಾಗಿ, ಈಗಲೂ, ನಮ್ಮ ಮರಣದ ಸಮಯದಲ್ಲಿಯೂ…" ಅಲ್ಲಿಗೆ ತಡೆಯಿತು. ಅವಳು ಅವನ ಪಕ್ಕದಲ್ಲಿ, ಮರದ ಸಿಪ್ಪೆ ಹರಡಿದ ನೆಲದ ಮೇಲೆ ಕುಸಿದಳು. ಕೋಟಿನ ತೋಳಿನಲ್ಲಿ ಮುಖ ಹುದುಗಿಸಿ ಅಳತೊಡಗಿದಳು. ಮೊದಲು ಸದ್ದಿಲ್ಲದೆ, ಆಮೇಲೆ ಮೈಯೆಲ್ಲ ಅಲುಗಿಹೋಗುವಂತೆ. "ಮುಖ ಕೂಡ ನೋಡಲಿಲ್ಲ ಮಾವ. ಒಂದ್ಸಲ ತೋರಿಸಿ ಅಂತ ಕೇಳೋ ಧೈರ್ಯ ಬರಲಿಲ್ಲ ನನಗೆ. ಹೇಗೇ ಇದ್ದಿದ್ರೂ ನನ್ನ ರೆಜಾನೇ ಅಲ್ವಾ ಅದು."

ಆಗ ಒನೆಸಿಮನಿಗೆ ಕೊಪ್ಪರಿಗೆ ಕೇಳಿಸಿತು. ಉಕ್ಕು ಅಂಚು ದಾಟಿ ಕಬ್ಬಿಣದ ಮೇಲೆ ಬಿದ್ದು ಚುರ್ರೆಂದಿತು. ಎದ್ದರೆ ಮೂರು ಹೆಜ್ಜೆ. ನೆಲದಲ್ಲಿ ಬಿದ್ದಿದ್ದ ಟೊಂಗೆಯನ್ನು ಎತ್ತಿ ನಾಲ್ಕು ಸಲ ಬಡಿದರೆ ಸಾಕಿತ್ತು. ಸೊಸೆಯ ತಲೆ ಅವನ ಭುಜಕ್ಕೆ ಒರಗಿತ್ತು. ಎದ್ದರೆ ಅವಳೂ ಏಳುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ, ಇಕ್ಕಳ ಎಲ್ಲಿ ಎನ್ನುತ್ತಾಳೆ. ಸುಟ್ಟ ಸಕ್ಕರೆಯ ಕಹಿ ವಾಸನೆ ಗುಡಿಸಲು ತುಂಬಿತು. ಅವನು ಏಳಲಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟು ಮುಂದಿನ ಮಣಿಗೆ ಹೋದ, ಅದರ ಮುಂದಿನದಕ್ಕೂ ಹೋದ. ಬೆಳಿಗ್ಗೆಯಿಂದ ಹೊತ್ತು ತಂದು ಸುರಿದ ರಸ ಬೆನ್ನ ಹಿಂದೆ ಇದ್ದಿಲಾಗುತ್ತಿತ್ತು. ಅವನ ಬಾಯಲ್ಲಿ ಮಾತ್ರ ಜಪ ಈಗ ಸರಾಗವಾಗಿ ಹರಿಯಿತು.

ಅವಳು ತಲೆಯೆತ್ತಿದಾಗ ಹೊಗೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಬಾಗಿಲು ತೆರೆದು, ಒಲೆಯ ಬಾಯಿಗೆ ಹಿಮ ತುಂಬಿ, ಕೊಪ್ಪರಿಗೆಯನ್ನು ಹೊರಗೆಳೆದರು. ತಳ ತಾರಿನಂತಾಗಿತ್ತು.

"ವಾಸನೆ ಬರಲಿಲ್ವಾ ಮಾವ ನಿಮಗೆ?"

"ಬಂತು."

"ಮತ್ತೆ ಏಳಬಾರದಾ?"

"ಜಪ ಮುಗಿದಿರಲಿಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಬಳಿಕ ಮೂಗು ಸೀಟಿಕೊಂಡು, "ರೆಜಾನ್ ಇದ್ದಿದ್ರೆ ನಮ್ಮಿಬ್ಬರಿಗೂ ಬೈತಿದ್ದ," ಎಂದಳು.

"ನಿನಗೆ ಬೈತಿರಲಿಲ್ಲ. ನನಗೆ ಬೈತಿದ್ದ."

ಆ ಸಂಜೆ ಚಳಿ ಮತ್ತೆ ಕಟ್ಟಿತು. ಬಕೆಟ್ಟುಗಳಲ್ಲಿ ಉಳಿದ ರಸ ಕೆಡದೆ ಉಳಿಯಿತು. ಶನಿವಾರ ಇಬ್ಬರೂ ಕೊಪ್ಪರಿಗೆಯನ್ನು ವಿನಿಗರ್ ಹಾಕಿ ಮರಳಿನಿಂದ ಉಜ್ಜಿದರು. ಉಜ್ಜುತ್ತ ಅವಳು ರೆಜಾನನ ಬಗ್ಗೆ ಹೇಳಿದಳು: ಮದುವೆಗೆ ಮುಂಚೆ ಕುಣಿಯಲು ಕರೆದೊಯ್ದು ತನ್ನ ಪಾದ ತುಳಿದದ್ದು, ನಿದ್ದೆಯಲ್ಲಿ ಕುದುರೆಗಳಿಗೆ ಬೈಯುತ್ತಿದ್ದದ್ದು. ಮುದುಕನಿಗೆ ಗೊತ್ತಿಲ್ಲದ ಮಗನೊಬ್ಬ ಅವಳ ಮಾತಿನಲ್ಲಿ ಓಡಾಡಿದ. ಕತ್ತಲಾಗುವ ಮೊದಲು ಒಂದಿಷ್ಟು ಪಾಕವಾಯಿತು. ಬಣ್ಣ ಕಪ್ಪು, ಕೊನೆಯಲ್ಲಿ ತುಸು ಸುಟ್ಟ ರುಚಿ. ತೆಲೆಸ್ಫೋರ್ ಬೆರಳದ್ದಿ ನೋಡಿ, ಇದನ್ನು ಹೊಗೆಸೊಪ್ಪಿಗೆ ಹಾಕಿದರೆ ಚೆನ್ನಾಗಿರುತ್ತದೆ ಎಂದು ಹೇಳಿ ಹೋದ.

ಈಸ್ಟರ್ ಬೆಳಿಗ್ಗೆ ಪೂಜೆ ಮುಗಿಸಿ ಬಂದು ಸೊಲಾಂಜ್ ಆ ಪಾಕ ಕುದಿಸಿ ಅದರೊಳಗೆ ಮೊಟ್ಟೆ ಒಡೆದು ಬೇಯಿಸಿದಳು. ನಾಳೆ ಅವಳ ಅಣ್ಣನ ಲಾರಿ ಬರುತ್ತದೆ, ಅವಳು ಹೋಗುತ್ತಾಳೆ. ಅದು ಇಬ್ಬರಿಗೂ ಗೊತ್ತಿತ್ತು. ಮೊದಲ ತುತ್ತು ಬಾಯಿಗಿಟ್ಟವಳಿಗೆ ಮತ್ತೆ ಕಣ್ಣು ತುಂಬಿ ಬಂತು. ಈ ಸಲ ಅವಳು ಎದ್ದು ಹೋಗಲಿಲ್ಲ, ಮುಖ ತಿರುಗಿಸಲೂ ಇಲ್ಲ; ಅಳುತ್ತಲೇ ತಿಂದಳು. ಒನೆಸಿಮ್ ದೇವರಿಗೆ ಮನಸ್ಸಿನಲ್ಲೇ ಕೈಮುಗಿದು, ರೊಟ್ಟಿಯ ತಟ್ಟೆಯನ್ನು ಅವಳ ಕಡೆಗೆ ಸರಿಸಿದ.