ಮೇಸ್ತ್ರಿಯ ಮೂಗು

ಮನೆ ಅಳಿಯನಾಗಿ ಹೋದವರನ್ನು ಲೋಕ ಕಂಡಿದೆ, ಬೇಕಾದಷ್ಟು ಆಡಿಕೊಂಡಿದೆ. ಮೇಸ್ತ್ರಿ ಮಾತ್ರ ಮನೆ ಮಾವನಾಗಿ ಬಂದವನು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಟ್ರಂಕು ತಂದಿಟ್ಟ ದಿನದಿಂದ ಅವನಿಗೆ ಅಳಿಯನನ್ನು ಕಂಡರೆ ತಾತ್ಸಾರ. ಮಲಗುವುದು ಅಳಿಯನ ಸೂರಿನ ಕೆಳಗೆ, ಉಣ್ಣುವುದು ಅಳಿಯನ ಮನೆಯ ಊಟ, ಆದರೂ ಆ ತಾತ್ಸಾರಕ್ಕೆ ಭಾನುವಾರವೂ ರಜೆಯಿರಲಿಲ್ಲ.

ಅಳಿಯನಿಗೆ ಗ್ರಂಥಾಲಯದಲ್ಲಿ ಕೆಲಸ. ಪುಸ್ತಕಕ್ಕೆ ಚೀಟಿ ಅಂಟಿಸಿ, ಕಪಾಟಿನಲ್ಲಿ ನಿಲ್ಲಿಸಿ, ಸಂಜೆ ಬೆರಳಿಗೆ ಒಂದು ಚೂರು ಕೊಳೆಯೂ ಹತ್ತದೆ ಮನೆಗೆ ಬರುತ್ತಾನೆ. ಅದೂ ಒಂದು ಕೆಲಸವೇ? ಮೇಸ್ತ್ರಿ ಮೂವತ್ತೆರಡು ವರ್ಷ ಮೋಟರ್ ರೀವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ತಂತಿ ಬಿಚ್ಚಿ ಹೊಸ ತಂತಿ ಸುತ್ತಿದವನು. ಆ ಅಂಗಡಿಯಲ್ಲೊಂದು ಮಾತಿತ್ತು: ಮೋಟರನ್ನು ಕೈಯಿಟ್ಟು ನೋಡುವವನು ಕಲಿಯುವವನು, ಮೂಗಿನಿಂದ ನೋಡುವವನು ಮೇಸ್ತ್ರಿ. ತಂತಿಗೆ ಬಳಿದ ವಾರ್ನಿಷ್ ಬೆಚ್ಚಗಾದಾಗ ಒಂದು ವಾಸನೆ, ಕಾದಾಗ ಇನ್ನೊಂದು, ಸುಡಲು ಹೊರಟಾಗ ಮತ್ತೊಂದು. ಓಡುವ ಮೋಟರಿನ ಮೇಲೆ ಬಗ್ಗಿ ಒಮ್ಮೆ ಮೂಸಿದರೆ ಸಾಕು, ಇದರ ಆಯುಸ್ಸು ಇನ್ನೆಷ್ಟು ನಿಮಿಷ ಎಂದು ಅವನು ಹೇಳಿಬಿಡುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ.

ಈಗ ಆ ಮೂಗು ಮುಖದ ಮೇಲೆ ಸುಮ್ಮನೆ ಕೂತಿದೆ. ಎರಡು ವರ್ಷದ ಹಿಂದೆ ಒಂದು ಜ್ವರ ಬಂತು, ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೇಸ್ತ್ರಿ ಯಾರಿಗೂ ಹೇಳಲಿಲ್ಲ. ಹೋದ ತಿಂಗಳು ಪಕ್ಕದ ಅಡುಗೆಮನೆಯಲ್ಲಿ ಹಾಲು ಸೀದು ಪಾತ್ರೆ ಕರ್ರಗಾಗುವವರೆಗೂ ಅವನು ಪತ್ರಿಕೆ ಓದುತ್ತ ಕೂತಿದ್ದ. ಆಮೇಲೆ, ತಳ ತೆಳ್ಳಗಿರುವ ಪಾತ್ರೆ ತಂದವನು ಅಳಿಯನೇ ಅಲ್ಲವೇ ಎಂದು ಅವನನ್ನೇ ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಈಗಲೂ ಮುಚ್ಚಿಡಲು ಕಾರಣ ಬರೀ ಜಂಬವಲ್ಲ. ಸೋಮವಾರದಿಂದ ಮಗಳು ಮತ್ತೆ ಕೆಲಸಕ್ಕೆ ಹೋಗುವವಳಿದ್ದಳು. ಏಳು ತಿಂಗಳ ಮಗುವನ್ನು ಹಗಲೆಲ್ಲ ಯಾರು ನೋಡಿಕೊಳ್ಳುವುದು ಎಂಬ ಮಾತು ಬಂದಾಗ ಅಳಿಯ ಶಿಶುವಿಹಾರ ಎಂದಿದ್ದ. "ಮಗೂನ ಗೋಡೌನಿಗೆ ಹಾಕ್ತೀರಾ? ನಾನೇನು ಸತ್ತಿದ್ದೀನಾ?" ಎಂದು ಮೇಸ್ತ್ರಿ ಒಂದು ವಾರ ಹಟ ಹಿಡಿದು ಗೆದ್ದಿದ್ದ. ಆ ಮೊಮ್ಮಗಳು ಅವನ ಹೆಬ್ಬೆರಳು ಹಿಡಿದುಕೊಂಡರೇನೇ ನಿದ್ದೆ ಹೋಗುವುದು. ಅವನಿಗೆ ತಾತ್ಸಾರವಿಲ್ಲದ ಜೀವ ಭೂಮಿಯ ಮೇಲೆ ಅದೊಂದೇ. ಮೂಗು ಸುಳಿವು ಕೊಡದ್ದರಿಂದ ಅರ್ಧ ಗಂಟೆಗೊಮ್ಮೆ ಅದರ ಚಡ್ಡಿ ಸರಿಸಿ ಇಣುಕಿ ನೋಡುತ್ತಿದ್ದ. ಮಗಳು ಪಾಪ, ಅದನ್ನು ಅಕ್ಕರೆ ಎಂದುಕೊಂಡಿದ್ದಳು.

ಶನಿವಾರ ಬೆಳಿಗ್ಗೆ ವಾಷಿಂಗ್ ಮೆಷಿನ್ ಕೈಕೊಟ್ಟಿತು. ಮೋಟರು ಗುಂಯ್ ಎನ್ನುತ್ತದೆ, ತಿಣುಕಿ ತಿರುಗುತ್ತದೆ, ಹತ್ತು ನಿಮಿಷಕ್ಕೆ ಕಾದು ನಿಲ್ಲುತ್ತದೆ. ತಣ್ಣಗಾದ ಮೇಲೆ ಮತ್ತೆ ಅದೇ ಕತೆ. ಬಚ್ಚಲಮನೆಯ ಮೂಲೆಯಲ್ಲಿ ಮಗುವಿನ ಬಟ್ಟೆಯ ಗುಡ್ಡೆ ಬೆಳೆಯುತ್ತಿತ್ತು. ಅಳಿಯ ಮೆಷಿನ್ನಿನ ಜೊತೆ ಬಂದಿದ್ದ ಪುಸ್ತಕ ಹುಡುಕಿ ತಂದ. ಬೇರೇನು ತಂದಾನು?

"ಮಾವ, ಮೊದಲು ಬಟ್ಟೆ ಹೆಚ್ಚಾಗಿದೆಯಾ ನೋಡ್ಬೇಕಂತೆ."

"ಪುಸ್ತಕದ ಬದನೆಕಾಯಿ ಸಾರಿಗೆ ಬರಲ್ಲ, ಅಳಿಯಂದ್ರೇ. ಪಕ್ಕಕ್ಕಿಡಿ ಅದನ್ನ." ಅಳಿಯನನ್ನು ಮೇಸ್ತ್ರಿ ಬಹುವಚನದಲ್ಲೇ ಹಂಗಿಸುವುದು.

ಪ್ಲಗ್ ಕಿತ್ತು, ಮೆಷಿನ್ನಿನ ಬೆನ್ನಿನ ತಗಡು ಬಿಚ್ಚಿದ. ಡ್ರಮ್ಮನ್ನು ಕೈಯಲ್ಲಿ ತಿರುಗಿಸಿದ. ಎಲ್ಲೂ ಹಿಡಿಯದೆ ಸಲೀಸಾಗಿ ತಿರುಗಿತು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದ. ಎಷ್ಟು ಬಗ್ಗಬೇಕೋ ಅಷ್ಟೇ ಬಗ್ಗಿತು. ಇಷ್ಟರಮಟ್ಟಿಗೆ ಅವನ ಕೈಗೆ ಹೆಸರಿಡುವ ಹಾಗಿರಲಿಲ್ಲ.

"ಬೇರಿಂಗ್ ಅಲ್ಲ, ಬೆಲ್ಟೂ ಅಲ್ಲ," ಎಂದ.

"ಹಾಗಾದ್ರೆ ಕೆಪಾಸಿಟರ್ ಇರಬಹುದು ಅಂತ ಬರೆದಿದ್ದಾರೆ. ಅದು ಸೋತ್ರೆ ಮೋಟರ್‌ಗೆ ತಿರುಗೋ ಶಕ್ತಿ ಸಾಲಲ್ಲವಂತೆ. ಅದಕ್ಕೇ ಕಾಯುತ್ತಂತೆ."

ಮಾತು ನೂರಕ್ಕೆ ನೂರು ಸರಿ. ಮೇಸ್ತ್ರಿಗೂ ಅದು ಹೊಳೆದಿತ್ತು. ಆದರೆ ಚೀಟಿ ಅಂಟಿಸುವವನ ಬಾಯಿಂದ ಬಂದಮೇಲೆ ಅದನ್ನು ಒಪ್ಪುವುದು ಹೇಗೆ?

"ಸೋತ ಕೆಪಾಸಿಟರ್ ಊದಿಕೊಳ್ಳುತ್ತೆ. ಇದು ಊದಿದೆಯಾ? ಕಣ್ಣು ಕಾಣಲ್ವಾ?" ಎಂದ. ಊದದೆಯೂ ಸೋಲುತ್ತದೆ ಎಂದು ತಾನೇ ಅಂಗಡಿಯಲ್ಲಿ ಎಷ್ಟೋ ಜನಕ್ಕೆ ಕಲಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. "ಓಡಿಸಿ. ನಾನು ಹೇಳೋವರೆಗೂ ಆಫ್ ಮಾಡಬೇಡಿ. ಮೇಸ್ತ್ರಿ ಹೇಗೆ ನೋಡ್ತಾನೆ ಅಂತ ಕಲ್ಕೊಳ್ಳಿ."

ಅಳಿಯ ಪ್ಲಗ್ ಸಿಕ್ಕಿಸಿದ. ಮೇಸ್ತ್ರಿ ಮಂಡಿಯೂರಿ ಕೂತ. ಕಣ್ಣು ಮುಚ್ಚಿ, ಮೂಗನ್ನು ಮೋಟರಿನ ಹತ್ತಿರ ತಂದ. ಶಬ್ದ ಕೇಳಿ ಏನಾದರೂ ಹೇಳಿ ದಾಟಿಕೊಳ್ಳೋಣ ಎಂಬ ಲೆಕ್ಕಾಚಾರ. ಮೋಟರು ಗುಂಯ್ ಎನ್ನುತ್ತಿತ್ತು. ನಾಲ್ಕು ನಿಮಿಷ ಕಳೆಯಿತು, ಐದಾಯಿತು.

"ವಾರ್ನಿಷ್ ಇನ್ನೂ ತಣ್ಣಗಿದೆ. ಹತ್ತು ನಿಮಿಷ ಆರಾಮಾಗಿ ಓಡುತ್ತೆ," ಎಂದ.

"ಮಾವ," ಎಂದ ಅಳಿಯ.

"ಮಧ್ಯೆ ಬಾಯಿ ಹಾಕಬೇಡಿ."

"ಅಪ್ಪ, ಏನದು ಸುಡ್ತಿರೋದು?" ಎರಡು ಕೋಣೆಯಾಚೆಯಿಂದ ಮಗಳು ಕೂಗಿದಳು. ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದವಳು ಸೆರಗಿನಿಂದ ಅದರ ಮುಖ ಮುಚ್ಚಿದಳು. ಮಗು ಕೆಮ್ಮಿತು.

"ಏನೂ ಸುಡ್ತಿಲ್ಲ. ನಾನಿಲ್ಲೇ ಇದ್ದೀನಲ್ಲ," ಎಂದ ಮೇಸ್ತ್ರಿ.

ಅಳಿಯ ಪ್ಲಗ್ ಕಿತ್ತ. ಮೇಸ್ತ್ರಿ ಕಣ್ಣು ಬಿಟ್ಟಾಗ ಮೂಗಿನ ಕೆಳಗೇ ಮೋಟರಿನಿಂದ ಹೊಗೆ ಏಳುತ್ತಿತ್ತು. ಮಗಳು ಮಗುವಿನೊಂದಿಗೆ ಹೊರಗಿನ ಮೆಟ್ಟಿಲಿಗೆ ಓಡಿದಳು.

ಅಳಿಯ ಕಿಟಕಿ ತೆರೆದು ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಮಾವ, ನಿಮಗೆ ಈ ವಾಸನೆ ಬರ್ಲಿಲ್ವಾ?"

"ನೆಗಡಿ."

"ಯಾವಾಗಿಂದ ನೆಗಡಿ?"

ಈಗ ಇವನು ನಗುತ್ತಾನೆ ಎಂದು ಮೇಸ್ತ್ರಿ ಕಾದ. ನಕ್ಕರೆ ಎಸೆಯಲು ಬೈಗುಳವೂ ಸಿದ್ಧವಿತ್ತು. ಅವನು ನಗಲಿಲ್ಲ.

"ಎರಡು ವರ್ಷದಿಂದ," ಎಂದ ಮೇಸ್ತ್ರಿ.

"ಹಾಗಾದ್ರೆ ಆವತ್ತು ಹಾಲು..."

"ಹೂಂ."

ಅಳಿಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅವಳಿಗೆ ಹೇಳೋದು ಬೇಡ ಬಿಡಿ. ನಿಮಗೆ ಮಗು ಅಂದ್ರೆ ಎಷ್ಟು ಆಸೆ ಅಂತ ನಂಗೊತ್ತು. ಮೋಟರ್ ಹಳೇದು, ಸುಟ್ಟೋಯ್ತು ಅಂದರಾಯ್ತು. ಸೋಮವಾರ ನೀವೇ ನೋಡ್ಕೊಳ್ಳಿ. ಸ್ವಲ್ಪ ಹುಷಾರಾಗಿದ್ರೆ ಸಾಕು."

ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಮೇಸ್ತ್ರಿಗೆ ಸಂತೋಷವೇ ಆಯಿತು, ಸುಳ್ಳೇಕೆ. ಸೋಮವಾರದ ಮನೆ ಕಣ್ಣಿಗೆ ಬಂತು: ಮುಚ್ಚಿದ ಕಿಟಕಿ, ತೊಟ್ಟಿಲು, ಪತ್ರಿಕೆ ಹಿಡಿದು ಕೂತ ತಾನು, ಅಡುಗೆಮನೆಯಲ್ಲಿ ಯಾರೋ ಸರಿಯಾಗಿ ತಿರುಗಿಸದೆ ಬಿಟ್ಟ ಗ್ಯಾಸು. ಸಂತೋಷ ಅಲ್ಲಿಗೆ ನಿಂತಿತು. ಹಳೆಯ ತಾತ್ಸಾರ ಗಂಟಲಿಗೆ ಬಂತು, ಆದರೆ ಅದು ಯಾರ ಮೇಲೆ ಎಂದು ಈ ಸಲ ಅವನಿಗೇ ಸರಿಯಾಗಿ ತಿಳಿಯಲಿಲ್ಲ.

"ನೀನೆಂಥ ಅಪ್ಪನಯ್ಯ?" ಎಂದ. ಬಹುವಚನ ಬಿದ್ದುಹೋಗಿತ್ತು. "ಗ್ಯಾಸ್ ಸೋರಿದ್ರೂ ಗೊತ್ತಾಗದ ಮುದುಕನ ಕೈಗೆ ಮಗೂನ ಕೊಟ್ಟು ಹೋಗ್ತೀಯಾ? ಮುಲಾಜಿಗೆ? ನನ್ನ ಅಂಗಡೀಲಿ ಇಂಥವನನ್ನ ಒಂದು ದಿನ ಇಟ್ಕೊಳ್ತಿರಲಿಲ್ಲ."

ಅಳಿಯ ತಲೆ ತಗ್ಗಿಸಿದ. ಮೇಸ್ತ್ರಿ ಮೆಷಿನ್ನಿನ ಆಸರೆ ಹಿಡಿದು ಎದ್ದು, ಹೊರಗೆ ಹೋಗಿ ಮಗಳ ಪಕ್ಕ ಮೆಟ್ಟಿಲ ಮೇಲೆ ಕೂತ. ಮಗು ಅಭ್ಯಾಸದಂತೆ ಅವನ ಹೆಬ್ಬೆರಳು ಹಿಡಿದುಕೊಂಡಿತು.

"ಸೋಮವಾರ ಇವಳನ್ನ ಶಿಶುವಿಹಾರಕ್ಕೆ ಬಿಡು," ಎಂದ.

"ಯಾಕಪ್ಪ? ಒಂದು ಮೋಟರ್ ಸುಟ್ಟಿದ್ದಕ್ಕಾ?"

ಮೇಸ್ತ್ರಿ ಬೆರಳು ಬಿಡಿಸಿಕೊಳ್ಳಲು ನೋಡಿದ. ಮಗು ಬಿಡಲಿಲ್ಲ.

"ಆ ಹಾಲಿನ ಪಾತ್ರೆ ಇತ್ತಲ್ಲ," ಎಂದ. "ಅದರ ತಳ ಚೆನ್ನಾಗೇ ಇತ್ತು."