ಅರ್ಧ ಕೆತ್ತಿದ ಮರ

ಪಾರ್ಶ್ವವಾಯು ಹೊಡೆದವರನ್ನು ಆಸ್ಪತ್ರೆಗೆ ತಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಇವರು ಸರಿಯಾಗಿದ್ದುದನ್ನು ಕೊನೆಯದಾಗಿ ನೋಡಿದ್ದು ಎಷ್ಟು ಗಂಟೆಗೆ? ಅಲ್ಲಿಂದ ನಾಲ್ಕೂವರೆ ಗಂಟೆಯೊಳಗಾದರೆ ಮಿದುಳಿನ ನಾಳದಲ್ಲಿ ಕಟ್ಟಿಕೊಂಡ ರಕ್ತದ ಗಡ್ಡೆಯನ್ನು ಕರಗಿಸುವ ಮದ್ದು ಕೊಡಬಹುದು. ತಡವಾಗಿ ಕೊಟ್ಟರೆ ಅದೇ ಮದ್ದು ಮಿದುಳಿನೊಳಗೆ ರಕ್ತ ಸುರಿಸಬಹುದು. ಅಂಥ ಎರಡು ಮದ್ದುಗಳನ್ನು ಹೋಲಿಸುವ ಸಂಶೋಧನೆ ನಮ್ಮಲ್ಲಿ ನಡೆಯುತ್ತಿದೆ. ಅದರ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ.

ಮೂರು ವರ್ಷಗಳಲ್ಲಿ ಈ ಪ್ರಶ್ನೆಗೆ ನೆಟ್ಟಗೆ ಉತ್ತರಿಸಿದವರು ಕಡಿಮೆ. ಕೋಳಿ ಬಿಟ್ಟ ಮೇಲೆ ಅನ್ನುತ್ತಾರೆ. ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಅನ್ನುತ್ತಾರೆ. ತಡಮಾಡಿದ್ದಕ್ಕೆ ಬೈಸಿಕೊಳ್ಳಬೇಕಾದೀತೆಂದು ಹೆಚ್ಚಿನವರು 'ಈಗಷ್ಟೇ' ಅನ್ನುತ್ತಾರೆ.

ಪೈಲಿಯನ್ನು ತಂದದ್ದು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಮೀನಚ್ಚಿಲ್ ಕಡೆಯ ಗುಡ್ಡದಲ್ಲಿ ರಬ್ಬರ್ ಮರ ಕೆತ್ತುವವನು, ವಯಸ್ಸು ಅರವತ್ತೆರಡು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತಿರಲಿಲ್ಲ. ನಾಲ್ಕಕ್ಕೆ ಹಾಲಿಲ್ಲದ ಕಟ್ಟನ್ ಕಾಪಿ ಕುಡಿದು, ಹಣೆಗೆ ದೀಪ ಕಟ್ಟಿಕೊಂಡು ತೋಟಕ್ಕೆ ಇಳಿದಿದ್ದ ಎಂದು ಹೆಂಡತಿ ಏಲಿಕುಟ್ಟಿ ಹೇಳಿದಳು. ಎಂಟೂಕಾಲಿಗೆ ರಬ್ಬರ್ ಹಾಲು ಕೂಡಿಸಲು ಬಕೆಟ್ ಹಿಡಿದು ಹೋದಾಗ ಮರದ ಬುಡದಲ್ಲಿ ಬಿದ್ದಿದ್ದನಂತೆ.

ನಾಲ್ಕರಿಂದ ಎಣಿಸಿದರೆ ಎಂಟೂವರೆಗೇ ಗಡುವು ಮುಗಿದಿತ್ತು. ಸಣ್ಣ ಸ್ಕ್ಯಾನಿನಲ್ಲಿ ರಕ್ತಸ್ರಾವ ಕಂಡಿರಲಿಲ್ಲ. ಹೊಡೆತದ ವಯಸ್ಸನ್ನು ಅಂದಾಜು ಹೇಳುವ ದೊಡ್ಡ ಯಂತ್ರ ಕೆಟ್ಟು ಒಂಬತ್ತು ದಿನವಾಗಿತ್ತು. ಬಿಡಿಭಾಗ ದಾರಿಯಲ್ಲಿದೆ ಎಂದು ಒಂಬತ್ತು ದಿನವೂ ಹೇಳಿದ್ದರು. ಡಾಕ್ಟರ್ ಹರೀಂದ್ರನ್ ಆಗದೆಂದು ತಲೆ ಅಲ್ಲಾಡಿಸಿದರು.

ಏಲಿಕುಟ್ಟಿಗೆ ಅರ್ಥವಾಯಿತು. ಮಗಳನ್ನು ಕರೆದಂತೆ ನನ್ನನ್ನು ಕರೆದಳು. "ಎಷ್ಟು ಗಂಟೆ ಅಂದ್ರೆ ಮದ್ದು ಕೊಡ್ತೀರಿ ಮೋಳೇ? ಅಷ್ಟೇ ಹೇಳ್ತೀನಿ, ಬರ್ಕೋ."

"ಬೇಕಾದ್ದಲ್ಲ ಚೇಚಿ, ಆಗಿದ್ದು ಹೇಳಿ."

"ಆಗಿದ್ದು ನಂಗೇನ್ ಗೊತ್ತು? ಅವನ ಹಿಂದೆ ಟಾರ್ಚ್ ಹಿಡ್ಕೊಂಡು ತಿರುಗ್ತೀನಾ ನಾನು?"

ಆರು ಗಂಟೆ ಎಂದಳು. ಸಾಲದೇನೋ ಎಂದು ಏಳು ಎಂದಳು. ನಾನು ಪೆನ್ನು ಮುಚ್ಚಿದೆ.

ನನ್ನ ಗಂಡನಿಗೂ ಹೀಗೆಯೇ ಹೊಡೆದಿತ್ತು, ಅವನ ಕಾಗದದಲ್ಲಿ ಸರಿಯಾಗಿದ್ದುದನ್ನು ಕೊನೆಯದಾಗಿ ನೋಡಿದ ಗಳಿಗೆ ರಾತ್ರಿ ಹನ್ನೊಂದು ಎಂದಿದೆ. ಬರೆಸಿದವಳು ನಾನು. ಬೆಳಗಿನ ಐದಕ್ಕೆ ಅವನು ನೀರಿನ ಮೋಟರ್ ಹಾಕಿದ್ದು ನಿದ್ದೆಯಲ್ಲಿ ಕೇಳಿಸಿತ್ತು. ನೋಡಿದಿರಾ ಎಂದರು. ನೋಡಿರಲಿಲ್ಲ, ಮದ್ದು ಕೊಡಲಿಲ್ಲ. ಟ್ಯಾಂಕು ತುಂಬಿತ್ತಲ್ಲ ಎಂಬುದು ನನಗೆ ಹೊಳೆದದ್ದು ಹದಿನೈದು ದಿನಗಳ ಮೇಲೆ.

"ಯಾವ ಮರದ ಬುಡದಲ್ಲಿ ಬಿದ್ದಿದ್ರು?" ಎಂದೆ.

"ರಬ್ಬರ್ ಮರದ ಬುಡದಲ್ಲಿ."

ಹಲ್ಲು ಕಚ್ಚಿ ಒಂದೊಂದಾಗಿ ಕೇಳಿದೆ. ಮುನ್ನೂರು ಮರ. ನಾಲ್ಕಕ್ಕೆ ಮೇಲಿನ ಬೇಲಿಯಿಂದ ಶುರು ಮಾಡಿ ಸಾಲು ತಪ್ಪದೆ ಇಳಿಯುತ್ತಾನೆ. ಏಳಕ್ಕೆ ಇಗರ್ಜಿಯ ಗಂಟೆ ಹೊಡೆಯುವಾಗ ಕೊನೆಯ ಮರ. ಇಪ್ಪತ್ತು ವರ್ಷಗಳಿಂದ ಹೀಗೆಯೇ. ಅಂದರೆ ಗಂಟೆಗೆ ನೂರು.

ಮನೆಯಲ್ಲಿ ಉಳಿದಿದ್ದ ಅವಳ ತಮ್ಮ ಚಾಂಡಿಗೆ ಫೋನ್ ಮಾಡಿದೆ. ಮೊದಲ ಮರದಿಂದ ಪೈಲಿ ಬಿದ್ದ ಮರದವರೆಗೆ ಎಣಿಸಲು ಹೇಳಿದೆ. ಇನ್ನೂರು ಚಿಲ್ಲರೆ ಎಂದ. ಚಿಲ್ಲರೆ ಎಷ್ಟೆಂದರೆ, ಚಿಲ್ಲರೆ ಅಂದರೆ ಚಿಲ್ಲರೆ ಎಂದ. ಏಲಿಕುಟ್ಟಿ ಫೋನ್ ಕಿತ್ತುಕೊಂಡಳು.

"ಕತ್ಲಲ್ಲಿ ಇಸ್ಪೀಟೆಲೆ ಎಣಿಸ್ತೀಯಲ್ಲೋ, ಹಗಲಲ್ಲಿ ಮರ ಎಣ್ಸಕ್ಕಾಗಲ್ವಾ?"

ಅವನು ಮತ್ತೆ ಗುಡ್ಡ ಹತ್ತಿದ. ನಡುವೆ ಯಾರೋ ಕರೆಮಾಡಿ ಪೈಲಿ ಹೋದನಾ ಇದ್ದಾನಾ ಎಂದು ವಿಚಾರಿಸಿದರಂತೆ, ಲೆಕ್ಕ ತಪ್ಪಿತು. ಮೂರನೆಯ ಸಲ ಬುಡಕ್ಕೊಂದು ಎಲೆ ಇಟ್ಟು ಎಣಿಸಿದ. ಹತ್ತು ಹದಿನೆಂಟಕ್ಕೆ ಸಂಖ್ಯೆ ಬಂತು. ಇನ್ನೂರ ಇಪ್ಪತ್ತಾರು. ಜೊತೆಗೊಂದು ಫೋಟೋ. ತೊಗಟೆಯ ಮೇಲೆ ಕೆತ್ತು ಅರ್ಧಕ್ಕೆ ನಿಂತಿತ್ತು. ಬುಡದಲ್ಲಿ ಕತ್ತಿ ಬಿದ್ದಿತ್ತು. ಮುಂದಿನ ಮರದಲ್ಲಿ, ಕೆತ್ತುವ ಮೊದಲು ಕೀಳಬೇಕಾದ ಹಿಂದಿನ ಸಲದ ಒಣ ಹಾಲಿನ ಪಟ್ಟಿ ಹಾಗೇ ಅಂಟಿಕೊಂಡಿತ್ತು.

ಆರೂಕಾಲು.

"ಮರಾನ ಸಾಕ್ಷಿ ಅಂತ ಬರೀತೀಯಾ?" ಎಂದರು ಡಾಕ್ಟರ್.

"ಮರಕ್ಕೆ ನಮ್ಮನ್ನ ಮೆಚ್ಚಿಸೋ ಗರಜಿಲ್ಲ ಸಾರ್."

ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಕೈ ಚುರುಕಾಗಿದ್ದ ದಿನವಿರಬಹುದು, ಆರು ಎಂದೇ ಹಿಡಿಯೋಣ ಎಂದರು. ಹಾಗಾದರೆ ಗಡುವು ಹತ್ತೂವರೆ. ಅಪಾಯವನ್ನೂ ಸಂಶೋಧನೆಯನ್ನೂ ಏಲಿಕುಟ್ಟಿಗೆ ವಿವರಿಸಿದರು, ಅವಳು ಪೂರ್ತಿ ಕೇಳುವ ಮೊದಲೇ ಸಹಿ ಹಾಕಿದಳು. ಹತ್ತು ಇಪ್ಪತ್ತಾರಕ್ಕೆ ಮದ್ದು ರಕ್ತಕ್ಕೆ ಇಳಿಯಿತು.

ಸಂಶೋಧನೆಯ ಕೇಂದ್ರ ಕಚೇರಿಯಿಂದ ಪತ್ರ ಬಂತು. ರೋಗಿಯನ್ನು ಕೊನೆಯದಾಗಿ ನೋಡಿದವರ ಹೆಸರೇನು? ಮರಗಳ ಲೆಕ್ಕ ಬರೆದು ಕಳಿಸಿದೆ. ಹೆಸರೇನು ಎಂದು ಮತ್ತೆ ಕೇಳಿದರು. ಫೋಟೋ ಕಳಿಸಿದೆ. ಮೂರನೆಯ ಸಲ ಹೆಸರು ಕೇಳಲಿಲ್ಲ, ಪೈಲಿಯನ್ನು ಪಟ್ಟಿಯಿಂದ ತೆಗೆದುಹಾಕಿರುವುದಾಗಿ ತಿಳಿಸಿದರು.

ಇದನ್ನು ಪೈಲಿಗೆ ಯಾರೂ ಹೇಳಿರಲಿಲ್ಲ. ಮೂರು ತಿಂಗಳಿಗೆ ಸರಿಯಾಗಿ, ಕೊಟ್ಟ ದಿನಾಂಕಕ್ಕೆ ಬಂದ. ನಡೆದೇ ಬಂದ. ಬಲಗೈಯ ಹಿಡಿತ ಅರ್ಧದಷ್ಟಿತ್ತು. ಸಂಶೋಧನೆಯ ಹಾಳೆ ತೆಗೆದು ಓದಿದೆ. ಹಿಂದಿನ ಕೆಲಸವನ್ನು ಮಾಡಬಲ್ಲರೇ? ಹೌದು, ಇಲ್ಲ. ಎರಡು ಚೌಕ.

"ಮಾಡ್ತಾನೆ," ಎಂದಳು ಏಲಿಕುಟ್ಟಿ. "ನೂರು ಮರ ಅವ್ನು ಕೆತ್ತಾನೆ. ಉಳಿದಿದ್ದು ನಾನು ಕೆತ್ತೀನಿ, ಅವ್ನು ಹಿಂದೆ ನಿಂತು ತಪ್ಪು ಹಿಡೀತಾನೆ."

ಪೈಲಿಯ ತುಟಿ ಬಹಳ ಹೊತ್ತು ಮಾತು ಹುಡುಕಿತು.

"ಆಳ," ಎಂದ. ಮತ್ತೆ ಹುಡುಕಿದ. "ಜಾಸ್ತಿ."

"ನೋಡು ಮೋಳೇ. ನನ್ನ ಕೆತ್ತಿಗೆ ಇದೊಂದು ಮಾತ್ ಕಲ್ತಿದಾನೆ."

ಆ ಹಾಳೆಯನ್ನು ಯಾರೂ ಕೇಳುವುದಿಲ್ಲ. ಎರಡೂ ಚೌಕಗಳನ್ನು ಖಾಲಿ ಬಿಟ್ಟು, ಅವನು ಹೇಳಿದ್ದನ್ನು ಪಕ್ಕದಲ್ಲಿ ಬರೆದೆ. ಗಡಿಯಾರ ನೋಡಿ ಗಂಟೆ ಹಾಕಿದೆ. ಕೆಳಗೆ, ನೋಡಿದವರು ಎಂಬಲ್ಲಿ, ನನ್ನ ಹೆಸರು.